ಬೋರೇಗೌಡರ ಕಿರುಬೆರಳು

ಬೋರೇಗೌಡರು ಯಾವ ತೂತನ್ನೂ ಕಣ್ಣಿನಿಂದ ನೋಡಿ ನಂಬುತ್ತಿರಲಿಲ್ಲ. ತಗಡಿನ ಡಬ್ಬಕ್ಕೆ ತೂತು ಕೊರೆದಾದ ಮೇಲೆ ಡ್ರಿಲ್ಲಿಂಗ್ ಮಿಷನ್ನನ್ನು ಪಕ್ಕಕ್ಕಿಟ್ಟು, ಉಫ್ ಎಂದು ಊದಿ, ಬಲಗೈಯ ಕಿರುಬೆರಳನ್ನು ಅದರೊಳಗೆ ಇಳಿಸಿ ಮೆಲ್ಲಗೆ ಒಂದು ಸುತ್ತು ತಿರುಗಿಸುತ್ತಿದ್ದರು. ಆಗ ಅವರ ಕಣ್ಣು ಮುಚ್ಚಿರುತ್ತಿತ್ತು, ಬಾಯಿ ಅರ್ಧ ತೆರೆದಿರುತ್ತಿತ್ತು. ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡದ್ದನ್ನು ನಾಲಿಗೆಯಿಂದ ಹುಡುಕುವವರ ಮುಖ ಹೇಗಿರುತ್ತದೋ ಹಾಗೆ. ಬೆರಳು ಎಲ್ಲಿಯೂ ತಡೆಯದೆ ಸುತ್ತಿ ಬಂದರೆ "ಊಂ" ಎನ್ನುವರು. ತಡೆದರೆ ಮತ್ತೆ ಮಿಷನ್ನು ಎತ್ತಿಕೊಳ್ಳುವರು.

ಅವರದು ಪಾಂಡವಪುರದಲ್ಲಿ ಪಂಪುಸೆಟ್ಟಿನ ಸ್ಟಾರ್ಟರ್ ಡಬ್ಬಗಳನ್ನು ಮಾಡುವ ಶೆಡ್ಡು. ನಾನು ಅಲ್ಲಿ ವೈರಿಂಗ್ ಮಾಡುವವಳು. ನಮ್ಮ ಮನೆ ಶ್ರೀರಂಗಪಟ್ಟಣದಲ್ಲಿದೆ. ಮನೆಯ ಗಂಡಸರೆಲ್ಲ ದೇವಸ್ಥಾನದ ಕೆಲಸ, ಇಲ್ಲವೇ ಮೇಷ್ಟರ ಕೆಲಸ. ನಾನೊಬ್ಬಳು ಐಟಿಐ ಓದಿ ಇಲ್ಲಿಗೆ ಬಂದು ಸೇರಿಕೊಂಡಾಗ ನಮ್ಮಪ್ಪ, "ಗಂಟೆ ಬಾರಿಸೋ ಮನೆಯಿಂದ ತಗಡು ಬಾರಿಸೋಕೆ ಹೊರಟಳು" ಎಂದು ಬಂದವರಿಗೆಲ್ಲ ಹೇಳಿಕೊಂಡು ನಕ್ಕಿದ್ದರು. ಸೇರಿದ ದಿನ ಗೌಡರು ನನ್ನ ಸರ್ಟಿಫಿಕೇಟನ್ನು ಬಿಚ್ಚಿ ಕೂಡ ನೋಡಲಿಲ್ಲ. "ಬೆರಳು ತೋರ್ಸವ್ವ" ಅಂದರು. ಎರಡೂ ಕೈಯನ್ನು ಮುಂದೆ ಚಾಚಿದೆ. ಬಳೆ ತೊಡಿಸುವವರ ಹಾಗೆ ತಿರುವಿ ನೋಡಿ, "ಉಗುರು ಕಚ್ಚೋ ಅಭ್ಯಾಸ ಇಲ್ಲ ತಾನೆ? ಸರಿ ಬುಡು, ನಾಳಿಕ್ಕೆ ಬಾ" ಅಂದರು.

ಮನುಷ್ಯ ವಿಪರೀತ ಷೋಕಿ. ಶೆಡ್ಡಿನಲ್ಲಿ ಎಲ್ಲಿ ಕೈ ಇಟ್ಟರೂ ಎಣ್ಣೆ, ರೆಡ್ ಆಕ್ಸೈಡು, ಕಬ್ಬಿಣದ ಪುಡಿ. ಅದರ ನಡುವೆ ಇವರು ನೀಲಿ ಹಾಕಿದ ಬಿಳಿ ಷರಟು ತೊಟ್ಟು, ತೋಳು ಮಡಿಸದೆ, ಒಂದು ಕಲೆಯೂ ಮಾಡಿಕೊಳ್ಳದೆ ಸಂಜೆಯವರೆಗೆ ಇರುತ್ತಿದ್ದರು. ಬಾಯಿ ಸುಮ್ಮನಿರುತ್ತಿರಲಿಲ್ಲ. ಬಂದವರನ್ನೆಲ್ಲ ಬಯ್ಯುವರು. ಬಯ್ಯುವುದಕ್ಕೆ ಯಾರೂ ಸಿಗದಿದ್ದರೆ ತಿಂಡಿಯ ವಿಷಯ ಎತ್ತುವರು. ನಾಗಮಂಗಲದಲ್ಲಿ ಯಾರ ಇಡ್ಲಿ ಹುಳಿ, ಬೆಳ್ಳೂರು ಕ್ರಾಸಿನಲ್ಲಿ ಯಾವ ಹೋಟೆಲಿನವನು ಚಟ್ನಿಗೆ ನೀರು ಬೆರೆಸುತ್ತಾನೆ ಎಂಬುದೆಲ್ಲ ನನಗೆ ಹಾಗೆಯೇ ಗೊತ್ತಾದದ್ದು. ಸಕ್ಕರೆ ಕಾಯಿಲೆ ಇತ್ತು. ಹೆಂಡತಿ ಪುಟ್ಟಮ್ಮನವರು ಮನೆಯಲ್ಲಿ ಸಪ್ಪೆ ಕಾಫಿ ಕೊಟ್ಟು ಕಳಿಸಿದರೆ ಇವರು ಬಸ್‌ಸ್ಟ್ಯಾಂಡಿನಲ್ಲಿ ಸಕ್ಕರೆ ಹಾಕಿಸಿಕೊಂಡು ಇನ್ನೊಂದು ಕುಡಿದು ಬರುವರು.

ಏನು ಬೇಕಾದರೂ ಎರವಲು ಕೊಡುವ ಕೈ. ಸ್ಕೂಟರು ಕೊಟ್ಟಿದ್ದಾರೆ, ಮಗಳ ಮದುವೆಗೆಂದು ಮಾಡಿಸಿದ್ದ ಪಾತ್ರೆ ಕೊಟ್ಟಿದ್ದಾರೆ. ಒಂದನ್ನು ಮಾತ್ರ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಅದು ಅವರ ಸ್ಟೆಪ್ ಡ್ರಿಲ್ಲು. ತುದಿ ಚೂಪಾಗಿ, ಮೇಲೆ ಮೇಲೆ ಹೋದಂತೆ ಮೆಟ್ಟಿಲು ಮೆಟ್ಟಿಲಾಗಿ ದಪ್ಪವಾಗುವ, ಮಿಷನ್ನಿನ ಬಾಯಿಗೆ ಸಿಕ್ಕಿಸುವ ಬಿಟ್ಟು ಅದು. ತಲೆಕೆಳಗಾಗಿ ಹಿಡಿದರೆ ದೇವಸ್ಥಾನದ ಗೋಪುರದ ಹಾಗೆ ಕಾಣುತ್ತಿತ್ತು. ಗೌಡರು ಅದನ್ನು ಗೋಪುರ ಎಂದೇ ಕರೆಯುತ್ತಿದ್ದರು. ಪುಟ್ಟಮ್ಮನವರ ಹಳೆಯ ರವಿಕೆ ಬಟ್ಟೆಯಲ್ಲಿ ಸುತ್ತಿ ಎಲೆಅಡಿಕೆ ಡಬ್ಬಿಯಲ್ಲಿ ಇಟ್ಟಿರುತ್ತಿದ್ದರು.

ತೆಳ್ಳನೆಯ ತಗಡಿಗೆ ಸಾದಾ ಬಿಟ್ಟು ಹಾಕಿದರೆ ಅದು ಕಚ್ಚಿಕೊಂಡು ತಗಡನ್ನೇ ಎಳೆದಾಡುತ್ತದೆ, ದುಂಡಗಿರಬೇಕಾದ ತೂತು ಮೂರು ಮೂಲೆಯಾಗುತ್ತದೆ. ಗೋಪುರ ಹಾಗಲ್ಲ. ಒಂದೊಂದೇ ಮೆಟ್ಟಿಲು ಇಳಿಯುತ್ತಾ ತೂತನ್ನು ಅಗಲ ಮಾಡುತ್ತಾ ಹೋಗುತ್ತದೆ. ಎಲ್ಲಿ ನಿಲ್ಲಿಸಬೇಕೋ ಆ ಮೆಟ್ಟಿಲಿಗೆ ಗೌಡರು ಮಗಳ ಕೆಂಪು ಉಗುರುಬಣ್ಣ ಬಳಿದಿಟ್ಟುಕೊಂಡಿದ್ದರು. ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಮಿಷನ್ನನ್ನು ನಿಧಾನವಾಗಿ ಓಡಿಸಿ, ಕೆಂಪು ಕಂಡೊಡನೆ ನಿಲ್ಲಿಸುವರು. ಆಮೇಲೆ ಡಬ್ಬವನ್ನು ಮಗುಚಿ ಹಿಂದಿನಿಂದಲೂ ಗೋಪುರವನ್ನು ಒಮ್ಮೆ ಹಗುರವಾಗಿ ತಾಕಿಸಿ ಅಂಚಿನ ತರಿಯನ್ನೆಲ್ಲ ಸವರಿಹಾಕುವರು. ಕಡೆಗೆ ಕಿರುಬೆರಳು.

"ವೈರು ತೂರಿಸೋ ತೂತಿಗೆ ಹೇಗೂ ರಬ್ಬರ್ ಬಳೆ ಹಾಕ್ತೀವಲ್ಲ ಗೌಡ್ರೇ, ಅಂಚು ಹೇಗಿದ್ದರೇನು?" ಎಂದು ಸೇರಿದ ಹೊಸದರಲ್ಲಿ ಕೇಳಿದ್ದೆ.

"ಬಳೇನ ಬಿಸ್ಲು ತಿಂದಾಕ್ತದೆ ಕಣವ್ವ. ಇಲ್ಲ ಇಲಿ ತಿಂತದೆ. ಇಲ್ಲ ರೈತ್ನೇ ಕಿತ್ತಾಕಿ ಇನ್ನೊಂದು ವೈರು ತೂರುಸ್ತಾನೆ. ಆಮ್ಯಾಕೆ ವೈರಿಗೆ ಉಳ್ಯೋದು ಈ ಅಂಚೇಯ. ನಾವು ಅಲ್ಲಿ ಕುಂತಿರ್ತೀವಾ ನೋಡ್ಕಳಕ್ಕೆ?"

ಈ ಮಾತಿನ ಹಿಂದೆ ಏನಿದೆ ಎಂದು ತಿಳಿದದ್ದು ಒಂದು ಮಧ್ಯಾಹ್ನ, ಕರೆಂಟು ಹೋಗಿದ್ದಾಗ. ಫ್ಯಾನಿಲ್ಲದೆ ಇಬ್ಬರೂ ಬಾಗಿಲ ಬಳಿ ಕೂತಿದ್ದೆವು. ಅವರು ಊಟದ ವಿಷಯ ಎತ್ತುತ್ತಾರೆಂದು ನಾನು ಕಾಯುತ್ತಿದ್ದರೆ, ತಂಗಿಯ ಗಂಡನ ವಿಷಯ ಎತ್ತಿದರು.

"ಆಗ ಗೋಪುರ ಎಲ್ಲಿತ್ತವ್ವ? ಉಳಿ, ಸುತ್ತಿಗೆ, ಅಷ್ಟೆ. ಡಬ್ಬುಕ್ಕೆ ಉಳಿ ಮಡ್ಗಿ ಬಡುದ್ರೆ ತೂತು. ಎಲ್ರೂ ಅಂಗೇ ಮಾಡೋರು, ನಾನೂ ಅಂಗೇ ಮಾಡ್ದೆ. ಸಂತೆಬಾಚಳ್ಳಿತಾವ ನಮ್ ಸಣ್ಣಮ್ಮಿ ಗದ್ದೇಲಿ. ಅಂಚು ಗರಗಸ ಇದ್ದಂಗಿತ್ತು. ವೈರು ತೂರ್ಸುದ್ವಿ, ಮೋಟ್ರು ಓಡ್ತು, ಎಲ್ರೂ ಕಾಫಿ ಕುಡುದ್ವಿ. ಡಬ್ಬ ಅದುರಿ ಅದುರಿ ವೈರಿನ ಸಿಪ್ಪೆ ಕುಯ್ದಾಕ್ಬುಡ್ತು. ಮಳೆ ಬಂತು. ಭಾವ ಒದ್ದೆ ಕೈಲಿ ಡಬ್ಬದ ಬಾಗ್ಲು ತೆಗ್ಯಕ್ಕೋದ."

ಅಷ್ಟು ಹೇಳಿ ಅಂಗೈ ನೋಡಿಕೊಂಡರು.

"ತಂಗಿ ಏನಂದ್ರು?" ಎಂದೆ.

"ಏನೂ ಅನ್ನಿಲ್ಲ. ಇವತ್ಗೂ ಏನೂ ಅಂದಿಲ್ಲ. ನನ್ ತಾವ್ಲೇ ಡಬ್ಬ ತಕ್ಕೋಯ್ತಾಳೆ."

ಫ್ಯಾನು ತಿರುಗಿತು. ಕರೆಂಟು ಬಂದಿತ್ತು. ಗೌಡರು ಎದ್ದು ಹೋಗಿ ಕೆಲಸಕ್ಕೆ ನಿಂತರು, ನಾನೂ ನಿಂತೆ. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ವರ್ಷಗಳು ಹೀಗೇ ಹೋದವು. ಒಂದು ದಿನ ನಾನು ಡಬ್ಬವೊಂದನ್ನು ಮೇಜಿನ ಮೇಲೆ ಇಟ್ಟುಕೊಂಡು ವೈರು ಎಳೆಯುತ್ತಿದ್ದೆ. ಕೆಳಗಿನ ತೂತಿನ ಅಂಚಿನಲ್ಲಿ ಕೆಂಪಗೆ ಏನೋ ಅಂಟಿತ್ತು. ಬೂದು ಬಣ್ಣ ಬಳಿಯುವ ಮುಂಚೆ ತಗಡಿಗೆ ರೆಡ್ ಆಕ್ಸೈಡು ಹೊಡೆಯುತ್ತೇವಲ್ಲ, ಅದೇ ಎದ್ದಿದೆ ಎಂದುಕೊಂಡು ಬಟ್ಟೆಯಲ್ಲಿ ಒರೆಸಿದೆ. ಬಟ್ಟೆಗೆ ಬಂದದ್ದು ಹಸಿಯಾಗಿತ್ತು. ತಲೆಯೆತ್ತಿ ನೋಡಿದರೆ ಗೌಡರು ಮುಂದಿನ ಡಬ್ಬದ ತೂತಿನಲ್ಲಿ ಬೆರಳು ತಿರುಗಿಸುತ್ತಾ, ಕಣ್ಣು ಮುಚ್ಚಿಕೊಂಡು, ಯಾರದೋ ಮದುವೆಯ ಊಟದಲ್ಲಿ ಹೋಳಿಗೆಗೆ ತುಪ್ಪ ಬಡಿಸಲಿಲ್ಲವೆಂದು ದೂರುತ್ತಿದ್ದರು. ಕಿರುಬೆರಳಿನಿಂದ ರಕ್ತ ಇಳಿದು ತಗಡಿನ ಮೇಲೆ ಗೆರೆ ಬಿದ್ದಿತ್ತು.

"ಗೌಡ್ರೇ, ನಿಮ್ಮ ಬೆರಳು."

"ಊಂ, ನುಣ್ಣಗದೆ" ಅಂದರು.

"ಬೆರಳು ನೋಡಿ ಗೌಡ್ರೇ. ಕುಯ್ದಿದೆ."

ಕಣ್ಣು ಬಿಟ್ಟು ನೋಡಿದರು. ಬೇರೆ ಯಾರದೋ ಬೆರಳು ನೋಡುವ ಹಾಗೆ ಸ್ವಲ್ಪ ದೂರ ಹಿಡಿದು ನೋಡಿದರು. ಇನ್ನೊಂದು ಕೈಯಿಂದ ಅದನ್ನು ಹಿಚುಕಿದರು. ನಾನು ನೀರು ತಂದೆ. ಅವರು ಸ್ಟೂಲಿನ ಮೇಲೆ ಕೂತು, "ಎಲ್ಲಾ ಬೆರಳೂ ಅಂಗೇ ಆಗದೆ ಕಣವ್ವ. ಜೋಮು ಇಡ್ದಂಗೆ" ಅಂದರು.

"ಯಾವಾಗಿಂದ?"

"ಅದೇ ಗೊತ್ತಿಲ್ಲ. ನೋವು ಬಂದ್ರೆ ಬಂತು ಅಂತ ಗೊತ್ತಾಯ್ತದೆ. ಇದು ಓಯ್ತದೆ. ಓಗಿದ್ದು ಎಂಗೆ ಗೊತ್ತಾಯ್ತದೆ?"

ಹಾಗಾದರೆ ಇಷ್ಟು ದಿನ ಬೆರಳು ತಿರುಗಿಸಿ "ಊಂ" ಎಂದು ಕಳಿಸಿದ ಡಬ್ಬಗಳ ಗತಿಯೇನು ಎಂಬ ಪ್ರಶ್ನೆ ನನಗೆ ಬರುವ ಮುಂಚೆಯೇ ಅವರಿಗೆ ಬಂದಿತ್ತು. ಯೋಚಿಸಿ ಯೋಚಿಸಿ ಶಿವರಾತ್ರಿಯನ್ನು ಹಿಡಿದರು. ಶಿವರಾತ್ರಿಯ ದಿನ ದೀಪದ ಬತ್ತಿ ಮುಂದಕ್ಕೆ ತಳ್ಳುವಾಗ ಬೆರಳು ಸುಟ್ಟಿತ್ತು, ಚುರುಕ್ ಎಂದು ಬಾಯಿಗೆ ಇಟ್ಟುಕೊಂಡದ್ದು ನೆನಪಿದೆ. ಅಲ್ಲಿಯವರೆಗೆ ಬೆರಳು ಬದುಕಿತ್ತು. ಅದಾದ ಮೇಲೆ ಶೆಡ್ಡಿನಿಂದ ಹೋದ ಯಾವ ಡಬ್ಬವನ್ನೂ ನಂಬುವಂತಿಲ್ಲ.

ಮಾರನೆಯ ದಿನವೇ ಶೆಡ್ಡಿಗೆ ಬೀಗ ಹಾಕಿ ಹೊರಟೆವು. ನನ್ನ ಸ್ಕೂಟಿ, ಹಿಂದೆ ಗೌಡರು, ಅವರ ತೊಡೆಯ ಮೇಲೆ ಬ್ಯಾಟರಿ ಮಿಷನ್ನಿನ ಚೀಲ, ಎಲೆಅಡಿಕೆ ಡಬ್ಬಿಯಲ್ಲಿ ಗೋಪುರ. ಯಾವ ಡಬ್ಬ ಯಾವ ಊರಿಗೆ ಹೋಯಿತೆಂದು ಅವರು ಎಲ್ಲಿಯೂ ಬರೆದಿಟ್ಟವರಲ್ಲ. ಡಬ್ಬ ಕೂರಿಸಲು ಹೋದಾಗ ಯಾರ ಮನೆಯಲ್ಲಿ ಏನು ಉಣ್ಣಲು ಕೊಟ್ಟರು ಎಂಬುದರ ಮೇಲೆ ಎಲ್ಲವೂ ನೆನಪಿತ್ತು. "ಮಾಕವಳ್ಳಿ, ಅವರೆಕಾಳ್ ಸಾರು" ಎನ್ನುವರು. "ಬೆಳ್ಳೂರ್ ದಾಟುದ್ಮೇಲೆ, ಸಪ್ಪೆ ಉಪ್ಪಿಟ್ಟು" ಎನ್ನುವರು. ಒಂದೂ ತಪ್ಪಲಿಲ್ಲ.

ಹೋದ ಕಡೆಯೆಲ್ಲ ಒಂದೇ ಕೆಲಸ. ಮೈನು ತೆಗೆಸಿ, ಟೆಸ್ಟರು ಇಟ್ಟು ನೋಡಿ, ಬಳೆ ಬಿಚ್ಚಿ, ವೈರು ಪಕ್ಕಕ್ಕೆ ಸರಿಸಿ ನಾನು ಬೆರಳು ಹಾಕುವುದು. ಗೌಡರು ಬದುವಿನ ಮೇಲೆ ನಿಂತು ನನ್ನ ಮುಖ ನೋಡುವುದು. ಮಾಕವಳ್ಳಿಯ ಕಬ್ಬಿನ ಗದ್ದೆಯಲ್ಲಿ ಮನೆಯಾಕೆ ಬಂದು ನಿಂತು, "ಇದೇನ್ ಗೌಡ್ರೆ, ಈವಮ್ಮ ಡಬ್ಬುಕ್ಕೆ ನಾಡಿ ಇಡ್ದು ನೋಡ್ತಾವ್ರಾ?" ಎಂದು ಕೇಳಿದರು.

"ಊಂ ಕಣವ್ವ, ಡಾಕ್ಟ್ರಮ್ಮ. ಸಕ್ರೆ ಆಕಿ ಕಾಫಿ ಕೊಟ್ರೆ ಫೀಸಿಲ್ಲ."

ನಾನು ಬೇಡವೆಂದು ಕಣ್ಣು ಬಿಟ್ಟರೂ ಕುಡಿದೇಬಿಟ್ಟರು. ಅಷ್ಟು ಹೊತ್ತಿಗೆ ಅವರಿಗೆ ಜೀವ ಬಂದಿತ್ತು. ಎಲ್ಲ ತೂತುಗಳೂ ನುಣ್ಣಗಿದ್ದವು. ಕೆ.ಆರ್. ಪೇಟೆಯ ಸುತ್ತಮುತ್ತ ಮುಗಿಯಿತು, ನಾಗಮಂಗಲದ ಕಡೆ ಮುಗಿಯಿತು, ಎಲ್ಲಿಯೂ ನನ್ನ ಬೆರಳು ತಡೆಯಲಿಲ್ಲ. "ಬೆರಳ್ಗೆ ಗೊತ್ತಿಲ್ದೆ ಇದ್ರೂ ಕೈಗೆ ಗೊತ್ತಿತ್ತು ಕಣವ್ವ" ಎಂದು ಸ್ಕೂಟಿಯ ಹಿಂದೆ ಕೂತು ಜೋರಾಗಿ ಹೇಳಿಕೊಂಡರು. ಒಂದು ಮಾತ್ರ ಉಳಿದಿತ್ತು. ಶಿವರಾತ್ರಿ ಆದ ಮೇಲೆ ತಂಗಿಯ ಗದ್ದೆಗೆ ಹೋದದ್ದು. ಆ ದಾರಿಯಲ್ಲೇ ಎಷ್ಟೋ ಸಲ ಓಡಾಡಿದರೂ, ಕಡೆಗೆ ನೋಡುವ ಎಂದು ಅವರೇ ಮುಂದಕ್ಕೆ ಹಾಕಿಕೊಂಡು ಬಂದಿದ್ದರು.

ಸಣ್ಣಮ್ಮನವರು ಹುಲ್ಲು ಕೊಯ್ಯುತ್ತಿದ್ದರು. ಅಣ್ಣನನ್ನು ನೋಡಿ, "ಬಾ" ಅಂದರು. ಅಷ್ಟೆ. ತೆಳ್ಳಗೆ, ಉದ್ದಕ್ಕಿದ್ದ ಹೆಂಗಸು. ನಾನು ಮೈನು ತೆಗೆದು ಡಬ್ಬ ಬಿಚ್ಚಿದೆ. ಮೇಲಿನ ತೂತು ನುಣ್ಣಗಿತ್ತು. ಪಕ್ಕದ್ದೂ ನುಣ್ಣಗಿತ್ತು. ಮೋಟರಿಗೆ ಹೋಗುವ ದಪ್ಪ ವೈರಿನ ತೂತು ಕೆಳಗಿತ್ತು. ಅಲ್ಲಿ ಬಳೆ ಆಗಲೇ ಸೀಳಿಕೊಂಡು ಜೋತಾಡುತ್ತಿತ್ತು. ಬೆರಳು ಇಳಿಸಿ ತಿರುಗಿಸಿದೆ. ಹಿಂಭಾಗದಲ್ಲಿ ತಡೆಯಿತು. ಭತ್ತದ ಮುಳ್ಳಿನಷ್ಟು ಚಿಕ್ಕ ತರಿ. ವೈರನ್ನು ಹೊರಗೆ ಎಳೆದು ನೋಡಿದೆ. ಹೊರಗಿನ ಕಪ್ಪು ಸಿಪ್ಪೆಯ ಮೇಲೆ ಬಿಳಿಯ ಗೀರು ಮೂಡಿತ್ತು. ಒಳಗಿನ ಸಿಪ್ಪೆಗೆ ಇನ್ನೂ ಏನೂ ಆಗಿರಲಿಲ್ಲ.

"ಗೌಡ್ರೇ, ಇಲ್ಲಿದೆ" ಎಂದೆ.

ಗೌಡರು ಹತ್ತಿರ ಬರಲಿಲ್ಲ. ನಿಂತಲ್ಲೇ ನಿಂತು ತಂಗಿಯ ಕಡೆ ತಿರುಗಿದರು.

"ಅಮ್ಮೀ, ಈ ಡಬ್ಬದಲ್ಲೂ ಅಂಗೇ ಮಾಡ್ಬುಟ್ಟಿವ್ನಿ."

ಸಣ್ಣಮ್ಮನವರು ಕುಡುಗೋಲನ್ನು ಹುಲ್ಲಿನ ಹೊರೆಗೆ ಸಿಕ್ಕಿಸಿ ಡಬ್ಬದ ಕಡೆ ನೋಡಿದರು, ನನ್ನ ಕೈಯಲ್ಲಿದ್ದ ವೈರಿನ ಕಡೆ ನೋಡಿದರು.

"ಅದ್ನ ನೋಡಕ್ಕೇ ಬಂದ್ಯಾ?"

"ಊಂ."

"ಆಗ ಡಬ್ಬ ಬಡುದ್ಬುಟ್ಟು ಓದೋನು ಒಂದ್ಸಲನೂ ತಿರ್ಗಿ ನೋಡಕ್ಕೆ ಬರ್ನಿಲ್ಲ ನೀನು" ಅಂದರು. ದನಿ ಏರಲಿಲ್ಲ, ಇಳಿಯಲೂ ಇಲ್ಲ. "ಈಗ ಬಂದಿದ್ದೀಯ. ಸರಿ ಮಾಡು."

ಇಷ್ಟು ವರ್ಷ ಅನ್ನದೆ ಇಟ್ಟುಕೊಂಡಿದ್ದ ಮಾತು ಅದೊಂದೇ. ಅಂದು ಮುಗಿಸಿದರು. ಗೌಡರು ತಲೆ ಆಡಿಸಿ ಡಬ್ಬದ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಕೊರೆಯುವ ಮುಂಚೆ ಒಳಗಿನ ಸಾಮಾನಿನ ಮೇಲೆ ಬಟ್ಟೆ ಹೊದಿಸಬೇಕು, ಇಲ್ಲದಿದ್ದರೆ ಕಬ್ಬಿಣದ ಪುಡಿ ಬಿದ್ದು ಶಾರ್ಟಾಗುತ್ತದೆ. ಬಟ್ಟೆ ತರುವುದು ಮರೆತುಹೋಗಿತ್ತು. ನಾನು ಚೀಲ ತಡಕಾಡುತ್ತಿದ್ದಾಗ ಗೌಡರು ತಮ್ಮ ಬಿಳಿ ಷರಟಿನ ಗುಂಡಿ ಬಿಚ್ಚಿ, ತೆಗೆದು ಡಬ್ಬದೊಳಗೆ ಹೊದಿಸಿದರು. ಬನಿಯನ್ನಿನಲ್ಲಿ ಅವರನ್ನು ನಾನು ನೋಡಿದ್ದು ಅದೇ ಮೊದಲು. ಹೆಗಲ ಮೂಳೆ ಎದ್ದು ಕಾಣುತ್ತಿತ್ತು.

ಗೋಪುರ ತಾಕಿಸಿ ತರಿಯನ್ನು ಸವರಿಹಾಕಿದರು. ಷರಟಿನ ತುಂಬ ಎಣ್ಣೆ, ಪುಡಿ. ನಾನು ಬೆರಳು ಹಾಕಿ ನುಣ್ಣಗಿದೆ ಎಂದೆ. "ನೀನೂ ಒಂದ್ಸಲ ಆಕಿ ನೋಡಮ್ಮಿ" ಎಂದು ತಂಗಿಗೆ ಹೇಳಿದರು.

"ನಂಗ್ಬೇಡ ಬುಡು" ಎಂದು ಸಣ್ಣಮ್ಮನವರು ಹೊರೆ ಎತ್ತಿಕೊಂಡರು. "ಇಟ್ಟು ಮಾಡ್ತೀನಿ. ಉಂಡು ಓಗಿ."

ವೈರು ಬದಲಿಸಿ, ಹೊಸ ಬಳೆ ಹಾಕಿ, ಮುದ್ದೆ ಉಂಡು ಬಂದೆವು. ಸಾರಿಗೆ ಉಪ್ಪು ಕಡಿಮೆಯಿತ್ತು. ಗೌಡರು ಆ ವಿಷಯ ಎತ್ತಲಿಲ್ಲ. ಪಾಂಡವಪುರಕ್ಕೆ ಬಂದು ಇಳಿದಾಗ ಎಲೆಅಡಿಕೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, "ಇನ್ ಮ್ಯಾಕೆ ನೀನೇ ಕೊರಿ" ಅಂದರು. ಆಮೇಲೆ ಅವರು ಮಿಷನ್ನು ಮುಟ್ಟಲಿಲ್ಲ. ಶೆಡ್ಡಿಗೆ ಬಂದು ಕೂತು ಬಯ್ಯುವುದನ್ನು ಮಾತ್ರ ಮಾಡುತ್ತಿದ್ದರು. ಕಾಲಿನಲ್ಲಿ ಗಾಯವಾಗಿ, ಅದೂ ಅವರಿಗೆ ತಿಳಿಯದೆ ಕೀವಾದ ಮೇಲೆ ಬರುವುದೂ ನಿಂತಿತು.

ಕಡೆಯ ಸಲ ನೋಡಲು ಹೋದಾಗ ಮನೆಯ ಜಗಲಿಯ ಮಂಚದಲ್ಲಿದ್ದರು. ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಷರಟು. ಪುಟ್ಟಮ್ಮನವರು ಕಾಲಿಗೆ ಬಟ್ಟೆ ಸುತ್ತುತ್ತಿದ್ದರು, ಅವರು ಅತ್ತ ನೋಡುತ್ತಲೂ ಇರಲಿಲ್ಲ. ನನಗೆ ಕಾಫಿ ಬಂತು. "ಬೆರಳು ತೋರ್ಸವ್ವ" ಅಂದರು. ಲೋಟ ಕೆಳಗಿಟ್ಟು ಕೈ ಚಾಚಿದೆ. ಹಿಡಿದರೆ ಅವರಿಗೆ ಏನೂ ತಿಳಿಯುವುದಿಲ್ಲವಲ್ಲ, ಅದಕ್ಕೇ ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡು ಕಿರುಬೆರಳನ್ನು ಸುತ್ತಲೂ ನೋಡಿದರು.

"ಗಾಯ ಇಲ್ಲ. ಲೋಟ ಬಿಸಿ ಅನ್ಸ್ತಾ?"

"ಅನ್ಸ್ತು ಗೌಡ್ರೇ."

"ಸರಿ ಬುಡು" ಅಂದರು. ಹೋಗುವಾಗ, ಕಾಫಿಗೆ ಸಕ್ಕರೆ ಎಷ್ಟು ಹಾಕಿದ್ದರು ಎಂದು ಪಿಸುಮಾತಿನಲ್ಲಿ ಕೇಳಿದರು.

ಅವರು ಹೋದ ದಿನ ನಾನು ಹೋಗಿದ್ದೆ. ಜನ ಅಳುತ್ತಿದ್ದರು. ನಾನು ಶಾಮಿಯಾನದ ಕಂಬ ಹಿಡಿದು ನಿಂತಿದ್ದೆ. ಅಳು ಬರಲಿಲ್ಲ. ಬರಲಿಲ್ಲವಲ್ಲ ಎಂಬ ಬೇಸರವೂ ಬರಲಿಲ್ಲ. ಅಲಂಕಾರದ ಸೀರಿಯಲ್ ಸೆಟ್ಟು ಕಟ್ಟಿದ್ದ ಹಳೆಯ ತಂತಿಯೊಂದು ಆ ಕಂಬದಲ್ಲಿ ಉಳಿದುಹೋಗಿತ್ತು, ಅದರ ಟೇಪು ಬಿಚ್ಚಿಕೊಂಡಿದೆ ಎಂಬುದನ್ನೇ ನೋಡುತ್ತಿದ್ದೆ. ಮಾರನೆಯ ದಿನ ಶೆಡ್ಡು ತೆಗೆದು ಕೆಲಸಕ್ಕೆ ನಿಂತೆ. ಡಬ್ಬಗಳು ಹೋಗಬೇಕಿತ್ತು. ಅವರ ಸ್ಟೂಲನ್ನು ತೆಗೆದಿಡಬೇಕೆಂದು ಕೂಡ ಅನಿಸಲಿಲ್ಲ, ಈಗಲೂ ಅಲ್ಲೇ ಇದೆ. ಬೆಳಿಗ್ಗೆ ಕಾಫಿ ಲೋಟವನ್ನು ಕಿರುಬೆರಳಿನಿಂದ ಮುಟ್ಟಿ ನೋಡಿಕೊಳ್ಳುತ್ತೇನೆ. ಬಿಸಿ ತಿಳಿಯುತ್ತದೆ. ಅವರನ್ನು ನೆನೆದರೆ ಮಾತ್ರ ಒಳಗೆ ಏನೂ ತಿಳಿಯುವುದಿಲ್ಲ. ಆ ನೋವು ಎಲ್ಲಿಯೋ ಹೋಗಿದೆ, ಯಾವಾಗ ಹೋಯಿತೋ ಗೊತ್ತಿಲ್ಲ.

ಮೊನ್ನೆ ಸಣ್ಣಮ್ಮನವರು ಬಂದರು. ಹೊಸ ಬೋರು ಕೊರೆಸಿದ್ದಾರಂತೆ, ಡಬ್ಬ ಬೇಕಿತ್ತು. ಸ್ಟೂಲನ್ನು ನೋಡಿದರು, ಕೂರಲಿಲ್ಲ, ನಿಂತೇ ಇದ್ದರು. ನಾನು ಅವರ ಎದುರಿಗೇ ಕೊರೆದೆ. ಕೆಂಪು ಕಂಡಲ್ಲಿ ನಿಲ್ಲಿಸಿ, ಡಬ್ಬ ಮಗುಚಿ ಹಿಂದಿನಿಂದ ಸವರಿ, ಊದಿ, ಬೆರಳು ಹಾಕಲು ಹೋದೆ.

"ತಡಿಯವ್ವ" ಅಂದರು.

ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದು ತಮ್ಮ ಕಿರುಬೆರಳನ್ನು ತೂತಿನೊಳಗೆ ಇಳಿಸಿದರು. ಕಣ್ಣು ಮುಚ್ಚಿದರು. ಬಾಯಿ ಅರ್ಧ ತೆರೆಯಿತು. ಬೆರಳು ಒಂದು ಸುತ್ತು ಬಂದು ನಿಂತಿತು. ಅವರು ತೆಗೆಯಲಿಲ್ಲ. ನಾನು ಮಿಷನ್ನು ಹಿಡಿದುಕೊಂಡು ನಿಂತಿದ್ದೆ. ಹೊರಗೆ ಯಾವುದೋ ಬಸ್ಸು ಬಂದು, ಜನ ಇಳಿದು, ಹೋಯಿತು.

"ಊಂ" ಅಂದರು.